ಐವತ್ತು ಮತ್ತು ಐವತ್ತೊಂದು



ಷಿಕಾಗೋದ ಚಳಿಗಾಲವನ್ನು ಕುರಿತು ಕಳೆದ ಬಾರಿ ಬರೆದಾಗ, ಇಲ್ಲಿನ 'ಬೇರ್ಸ್' ಫುಟ್‌ಬಾಲ್ ತಂಡದ ಹುಚ್ಚು ನನಗೂ ಹತ್ತಿದೆಯೆಂದು ಒಂದು ಸಾಲು ಸೇರಿಸಿದ್ದೆ. ಅದನ್ನೋದಿದ ಹಳೆಯ ಶಿಷ್ಯರೊಬ್ಬರು, "ಕಬಡ್ಡಿಯ ಹೊರತು ಬೇರೊಂದನ್ನು ಆಟವೆಂದೇ ಒಪ್ಪದಿದ್ದ ಮೇಷ್ಟ್ರು ನೀವೇ ತಾನೆ?" ಎಂದು ಬರೆದು ಕೇಳಿದ್ದಾರೆ. ನಾನೇ! ನೇಪರ್‌ವಿಲ್‌ನ ಮಗಳ ಮನೆಯಲ್ಲಿ ಭಾನುವಾರದ ಮಧ್ಯಾಹ್ನಗಳನ್ನು ಅಳಿಯಂದಿರು ಮತ್ತು ಮೊಮ್ಮಗನ ನಡುವೆ ಕುಳಿತು ಕಳೆಯುವವನಿಗೆ ಬೇರೆ ದಾರಿಯಾದರೂ ಏನಿದೆ? ಮೊದಲ ವರ್ಷ ಏನೂ ಅರ್ಥವಾಗಲಿಲ್ಲ. ಎರಡನೆಯ ವರ್ಷ ಅರ್ಥವಾಯಿತು. ಅರ್ಥವಾದ ಮೇಲೆ ಕಬಡ್ಡಿಗೂ ಇದಕ್ಕೂ ಅಂಥ ದೂರವಿಲ್ಲವೆಂದು ತೋರತೊಡಗಿತು.

ಇದು ನಾವು ತಿಳಿದಿರುವ ಫುಟ್‌ಬಾಲ್ ಅಲ್ಲ. ಇಲ್ಲಿ ಕಾಲಿಗಿಂತ ಕೈಗೆ ಕೆಲಸ ಹೆಚ್ಚು. ಪಕ್ಷಕ್ಕೆ 11 ಜನ. ಚೆಂಡು ಯಾರ ಕೈಯಲ್ಲಿದೆಯೋ ಅವರು ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು; ಸಾಗಿದರೆ ಮತ್ತೆ ನಾಲ್ಕು ಯತ್ನ. ತಡೆಯುವ ಪಕ್ಷದ ದೈತ್ಯರು ಮುಂದೆ ಒಂದು ಸಾಲು ಕಟ್ಟಿ ಬಾಗಿ ನಿಲ್ಲುತ್ತಾರೆ. ಅವರ ಬೆನ್ನ ಹಿಂದೆ ಎರಡು ಮೂರು ಹೆಜ್ಜೆ ದೂರದಲ್ಲಿ ನಿಲ್ಲುವವರೇ ಲೈನ್‌ಬ್ಯಾಕರುಗಳು. ಅವರಲ್ಲಿಯೂ ನಟ್ಟನಡುವೆ ನಿಲ್ಲುವವನದು ಬಹುದೊಡ್ಡ ಜವಾಬ್ದಾರಿ. ಎದುರಾಳಿ ಚೆಂಡನ್ನು ಹೊತ್ತು ಓಡುವನೋ, ದೂರಕ್ಕೆ ಎಸೆಯುವನೋ, ಎಡಕ್ಕೋ, ಬಲಕ್ಕೋ ಎಂದು ಕ್ಷಣಾರ್ಧದಲ್ಲಿ ಗ್ರಹಿಸಿ, ತನ್ನವರಿಗೆ ಕೂಗಿ ತಿಳಿಸಿ, ತಾನೂ ನುಗ್ಗಬೇಕು. ಕಬಡ್ಡಿಯಲ್ಲಿ ದಾಳಿಗೆ ಬಂದವನ ಪಾದ ಯಾವ ಕಡೆ ತಿರುಗಿತೆಂದು ಕಣ್ಣಿಟ್ಟು, ಪಕ್ಕದವನ ಕೈಯನ್ನು ಮೆಲ್ಲನೆ ಅದುಮಿ ಸೂಚನೆ ಕೊಡುವ ಹುಡುಗನೊಬ್ಬನಿರುತ್ತಾನಲ್ಲ, ಅವನೇ ಇವನು.

ಈ ಸ್ಥಾನಕ್ಕೂ ಬೇರ್ಸ್ ತಂಡಕ್ಕೂ ಒಂದು ವಂಶಾವಳಿಯ ನಂಟಿದೆ. 1950ರ ದಶಕದಲ್ಲಿ, ಸಾಲಿನಲ್ಲಿ ಬಾಗಿ ನಿಲ್ಲಬೇಕಾಗಿದ್ದ ಬಿಲ್ ಜಾರ್ಜ್ ಹಿಂದೆ ಸರಿದು ನಿಂತು ನಡುವಿನ ಲೈನ್‌ಬ್ಯಾಕರ್ ಎಂಬ ಪಾತ್ರಕ್ಕೆ ರೂಪ ಕೊಟ್ಟವರಲ್ಲಿ ಮೊದಲಿಗನೆನಿಸಿದ. ಅವನ ನಂತರ ಡಿಕ್ ಬಟ್ಕಸ್, ಆಮೇಲೆ ಮೈಕ್ ಸಿಂಗಲ್‌ಟರಿ, ಈಚೆಗೆ ಬ್ರಯನ್ ಅರ್ಲಾಕರ್. ನಾಲ್ವರೂ ಈ ಆಟದ ಹಾಲ್ ಆಫ್ ಫೇಮ್ ಸೇರಿದವರು. (ಎಲ್ಲರನ್ನೂ ಏಕವಚನದಲ್ಲಿ ಕರೆಯುತ್ತಿರುವುದನ್ನು ಮನ್ನಿಸಿ. 'ವಿಶಿ ಹೊಡೆದ' ಎನ್ನುವಾಗ ನಮ್ಮಲ್ಲಿ ಯಾರಿಗೂ ಅಗೌರವದ ಭಾವನೆ ಇರಲಿಲ್ಲವಷ್ಟೆ.) ಇಂದು ನಾನು ಬರೆಯಹೊರಟಿರುವುದು ನಡುವಿನ ಇಬ್ಬರನ್ನು ಕುರಿತು. 51ನೆಯ ಅಂಗಿಯ ಬಟ್ಕಸ್, 50ನೆಯ ಅಂಗಿಯ ಸಿಂಗಲ್‌ಟರಿ. ಇವರಲ್ಲಿ ಯಾರು ದೊಡ್ಡವರು ಎಂಬ ತರ್ಕ ನಮ್ಮ ಮನೆಯಲ್ಲಿ ನಿತ್ಯದ ಸಾರಿನಷ್ಟೇ ಸಾಮಾನ್ಯ. ಹಿಂದೆ ಸ್ಟಾಫ್ ರೂಮಿನಲ್ಲಿ ಪ್ರಸನ್ನ ಹೆಚ್ಚೋ ಚಂದ್ರಶೇಖರ್ ಹೆಚ್ಚೋ ಎಂದು ನಾವು ಗಂಟೆ ಬಾರಿಸಿದ್ದೂ ಕೇಳದಂತೆ ವಾದಿಸುತ್ತಿದ್ದೆವು. ಆದರೆ ಅವರಿಬ್ಬರು ಒಂದೇ ಕಾಲದಲ್ಲಿ, ಒಂದೇ ಪಿಚ್ಚಿನ ಎರಡು ತುದಿಗಳಿಂದ ಎಸೆದವರು. ಇವರಿಬ್ಬರ ನಡುವೆ ಏಳೆಂಟು ವರ್ಷಗಳ ಅಂತರವಿದೆ. ಅದಕ್ಕಿಂತ ಮುಖ್ಯವಾಗಿ, ಅವರ ಸುತ್ತ ನಿಂತಿದ್ದವರಲ್ಲಿ ಅಜಗಜಾಂತರವಿದೆ.

ಬಟ್ಕಸ್ ಷಿಕಾಗೋದ ಮಣ್ಣಿನವನೇ. 1942ರ ಡಿಸೆಂಬರಿನಲ್ಲಿ, ಲಿಥುವೇನಿಯಾ ಮೂಲದ ದುಡಿಮೆಗಾರರ ಮನೆಯಲ್ಲಿ ಹುಟ್ಟಿ, ನಗರದ ದಕ್ಷಿಣ ಭಾಗದ ರೋಸ್‌ಲ್ಯಾಂಡಿನಲ್ಲಿ ಬೆಳೆದ. ಷಿಕಾಗೋ ವೊಕೇಷನಲ್ ಎಂಬ ಕಸುಬು ಕಲಿಸುವ ಹೈಸ್ಕೂಲಿನಲ್ಲಿ ಓದಿದ. ಮುಂದೆ ಇಲಿನಾಯ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, ಆ ತಂಡ 1964ರ ರೋಸ್ ಬೌಲ್ ಪಂದ್ಯವನ್ನು ಗೆಲ್ಲುವಲ್ಲಿ ಪಾಲುದಾರನಾದ. ಅಲ್ಲಿ ಆತ ಎರಡೂ ಕಡೆ ಆಡುತ್ತಿದ್ದ. ತಡೆಯುವಾಗ ಲೈನ್‌ಬ್ಯಾಕರ್; ಆಕ್ರಮಣದ ಸರದಿ ಬಂದಾಗ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುವ 'ಸೆಂಟರ್'. ಬಟ್ಕಸ್ ಎಂದರೆ ಬರಿಯ ಮೈಬಲ ಎನ್ನುವವರಿಗೆ ನಾನು ಇದನ್ನೇ ಎತ್ತಿ ಹೇಳುತ್ತೇನೆ. ಎದುರಿನ ಸೆಂಟರ್ ಹೇಗೆ ಯೋಚಿಸುತ್ತಾನೆ, ಭಾರವನ್ನು ಯಾವ ಕಾಲಿಗೆ ಹಾಕುತ್ತಾನೆ ಎಂಬುದನ್ನು ಸ್ವತಃ ಆ ಕೆಲಸ ಮಾಡಿ ತಿಳಿದವನಿಗೆ ಆಟವನ್ನು ಓದಲು ಬರುತ್ತಿರಲಿಲ್ಲವೆಂದರೆ ಹೇಗೆ ನಂಬುವುದು?

ಹಾಗೆಂದು ಮೈಬಲವೇನೂ ಕಡಿಮೆಯಿರಲಿಲ್ಲ. ಆರು ಅಡಿ ಮೂರು ಅಂಗುಲದ ಎತ್ತರ, 245 ಪೌಂಡು ತೂಕ, ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಕ್ವಿಂಟಲಿಗಿಂತ ಹತ್ತು ಕಿಲೋ ಮೇಲೆ. ಹಳೆಯ ಚಿತ್ರಸುರುಳಿಗಳಲ್ಲಿ ನೋಡಿದ್ದೇನೆ: ಓಡುವವನನ್ನು ಆತ ಕೆಡವುವುದಷ್ಟೇ ಅಲ್ಲ, ಅಪ್ಪಿ ಎತ್ತಿ, ಕೆಡವುವಷ್ಟರಲ್ಲಿ ಚೆಂಡನ್ನೂ ಕಿತ್ತುಕೊಂಡಿರುತ್ತಾನೆ. ಪಂದ್ಯಕ್ಕೆ ಮುನ್ನ ಎದುರಾಳಿಗಳಲ್ಲಿ ಯಾರಾದರೂ ನಗುತ್ತಿದ್ದರೆ, ಅವನು ತನ್ನನ್ನು ಕಂಡೇ ನಗುತ್ತಿದ್ದಾನೆಂದು ಬೇಕೆಂದೇ ಕಲ್ಪಿಸಿಕೊಂಡು ಸಿಟ್ಟು ತಂದುಕೊಳ್ಳುತ್ತಿದ್ದೆನೆಂದು ಆತನೇ ಹೇಳಿಕೊಂಡಿದ್ದಾನೆ. ಇಂಥ ಹುಡುಗರು ಪ್ರತಿ ತರಗತಿಯಲ್ಲೂ ಒಬ್ಬರಿರುತ್ತಾರೆ. ಈ ಸಾಲನ್ನು ಓದುತ್ತಿರುವವರಲ್ಲಿಯೂ ಒಬ್ಬಿಬ್ಬರಿದ್ದೀರಿ, ಹೆಸರು ಹೇಳುವುದಿಲ್ಲ!

1965ರ ಡ್ರಾಫ್ಟಿನಲ್ಲಿ, ಎಂದರೆ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಸಂತೆಯಲ್ಲಿ, ಬೇರ್ಸ್ ತಂಡ ಮೂರನೆಯವನಾಗಿ ಬಟ್ಕಸ್‌ನನ್ನೂ ನಾಲ್ಕನೆಯವನಾಗಿ ಗೇಲ್ ಸೇಯರ್ಸ್ ಎಂಬ ಅದ್ಭುತ ಓಟಗಾರನನ್ನೂ ಆರಿಸಿತು. ಬೆನ್ನು ಬೆನ್ನಿಗೆ ಎರಡು ವಜ್ರಗಳು. ಆದರೂ ಆ ತಂಡ ಮೇಲೇಳಲಿಲ್ಲ. ಬಟ್ಕಸ್ 1965ರಿಂದ 1973ರವರೆಗೆ ಒಂಬತ್ತು ಋತುಗಳಲ್ಲಿ ಆಡಿದ. ಆ ಅವಧಿಯಲ್ಲಿ ಬೇರ್ಸ್ ಗೆದ್ದದ್ದು 48 ಪಂದ್ಯ, ಸೋತದ್ದು 74, ಸಮವಾದದ್ದು 4. ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ ಆತ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. 1969ರಲ್ಲಂತೂ ತಂಡ 14ರಲ್ಲಿ 13 ಸೋತಿತು. ಗೆದ್ದ ಏಕೈಕ ಪಂದ್ಯ ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ. ವಿಧಿಯ ತಮಾಷೆ ನೋಡಿ: ಆ ವರ್ಷ ಸ್ಟೀಲರ್ಸ್ ಕೂಡ ಒಂದನ್ನೇ ಗೆದ್ದಿತ್ತು. ಮರುವರ್ಷದ ಮೊದಲ ಆಯ್ಕೆ ಯಾರಿಗೆಂದು ಈ ಎರಡು ತಂಡಗಳ ನಡುವೆ ನಾಣ್ಯ ಚಿಮ್ಮಿದಾಗ ಸ್ಟೀಲರ್ಸ್ ಗೆದ್ದು ಟೆರಿ ಬ್ರ್ಯಾಡ್‌ಷಾನನ್ನು ಕರೆದುಕೊಂಡು ಹೋಯಿತು. ಅವನು ಆ ತಂಡಕ್ಕೆ ನಾಲ್ಕು ಸೂಪರ್ ಬೌಲ್‌ಗಳನ್ನು ಗೆದ್ದುಕೊಟ್ಟ. ಬೇರ್ಸ್ ಆ ಒಂದು ಪಂದ್ಯವನ್ನೂ ಸೋತಿದ್ದರೆ ನಾಣ್ಯ ಚಿಮ್ಮುವ ಅಗತ್ಯವೇ ಇರುತ್ತಿರಲಿಲ್ಲ! ಹದಿಮೂರು ಸೋಲಿನ ಆ ವರ್ಷದಲ್ಲಿಯೂ ಬಟ್ಕಸ್ ದೇಶದ ಅತ್ಯುತ್ತಮ ಆಟಗಾರರ ಮೊದಲ ಪಟ್ಟಿಯಲ್ಲಿದ್ದ. ತರಗತಿಯೆಲ್ಲ ನಪಾಸಾದ ವರ್ಷ ಒಬ್ಬ ಹುಡುಗ ಮಾತ್ರ ಜಿಲ್ಲೆಗೆ ಮೊದಲಿಗನಾಗಿ ಬಂದಂತೆ.

ಆಮೇಲೆ ಮೊಣಕಾಲು. 1970ರ ಋತು ಮುಗಿದ ಮೇಲೆ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು, ಆದರೆ ಅದು ಮೊದಲಿನಂತಾಗಲಿಲ್ಲ. 1971ರಲ್ಲಿ ತಂಡ ರಿಗ್ಲಿ ಫೀಲ್ಡಿನಿಂದ ಸೋಲ್ಜರ್ ಫೀಲ್ಡಿಗೆ ಬಂತು. ಅಲ್ಲಿ ಹುಲ್ಲಿನ ಬದಲು ಕೃತಕ ಹಾಸಿತ್ತು. ಕುಂಟುತ್ತಲೇ ಇನ್ನೂ ಮೂರು ಋತು ಆಡಿ, 1973ರಲ್ಲಿ ಒಂಬತ್ತು ಪಂದ್ಯಗಳಿಗೆ ನಿಲ್ಲಿಸಿದ. ಆಗ ಆತನಿಗೆ ಮೂವತ್ತು ವರ್ಷ. 1974ರಲ್ಲಿ ತನ್ನ ಪ್ರೀತಿಯ ತಂಡದ ಮೇಲೆಯೇ ಮೊಕದ್ದಮೆ ಹೂಡಿದ. ಆಡಬಾರದ ಸ್ಥಿತಿಯಲ್ಲಿದ್ದವನನ್ನು ಆಡಿಸಲಾಯಿತು ಎಂಬುದು ಆತನ ದೂರು. 1976ರಲ್ಲಿ 6 ಲಕ್ಷ ಡಾಲರಿಗೆ ರಾಜಿಯಾಯಿತು. ತಂಡದ ಸ್ಥಾಪಕ ಜಾರ್ಜ್ ಹ್ಯಾಲಸ್‌ಗೂ ಆತನಿಗೂ ಕೆಲವು ವರ್ಷ ಮಾತೇ ಇರಲಿಲ್ಲ. ಇದೇ ಊರಿನಲ್ಲಿ ಹುಟ್ಟಿ, ಇದೇ ಊರಿನ ತಂಡಕ್ಕೆ ಮೊಣಕಾಲನ್ನು ಒಪ್ಪಿಸಿದವನು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತಲ್ಲ ಎಂಬುದು, ಈ ಊರಿಗೆ ಅತಿಥಿಯಾಗಿ ಬಂದ ನನ್ನನ್ನೂ ಒಂದು ಕ್ಷಣ ಸುಮ್ಮನಾಗಿಸುತ್ತದೆ.

ಸಿಂಗಲ್‌ಟರಿಯ ಕಥೆ ಬೇರೆ. 1958ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ, ಧರ್ಮಬೋಧಕರೊಬ್ಬರ ಹತ್ತು ಮಕ್ಕಳಲ್ಲಿ ಕೊನೆಯವನಾಗಿ ಹುಟ್ಟಿದ. ಆತನಿಗೆ ಹನ್ನೆರಡಾಗಿದ್ದಾಗ ತಂದೆತಾಯಿ ಬೇರೆಯಾದರು. ಅದರ ಬೆನ್ನಿಗೇ, ಕುಡಿದು ಕಾರು ಓಡಿಸಿದವನೊಬ್ಬನಿಂದಾಗಿ ಅಣ್ಣ ತೀರಿಕೊಂಡ. ಬೇಲರ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಡಿಕ್ಕಿಯ ರಭಸಕ್ಕೆ ತನ್ನ ಹದಿನಾರು ಹೆಲ್ಮೆಟ್ಟುಗಳನ್ನು ಒಡೆದನೆಂದು ಪ್ರತೀತಿ. ಆದರೂ ಎತ್ತರ ಆರಡಿಯ ಆಸುಪಾಸು ಮಾತ್ರ, ಈ ಸ್ಥಾನಕ್ಕೆ ಗಿಡ್ಡ ಎಂದು ತಂಡಗಳು ಹಿಂದೆಗೆದವು. 1981ರ ಡ್ರಾಫ್ಟಿನಲ್ಲಿ 37 ಜನರ ಆಯ್ಕೆ ಮುಗಿದ ಮೇಲೆ, 38ನೆಯವನಾಗಿ ಬೇರ್ಸ್ ಆತನನ್ನು ಆರಿಸಿತು.

ಅಲ್ಲಿ ಸಿಕ್ಕಿದ ಗುರು ಬಡ್ಡಿ ರಯನ್. ರಕ್ಷಣಾ ಪಡೆಯ ತರಬೇತುದಾರ, ಮುಂಗೋಪಿ. ಆಟಗಾರರನ್ನು ಹೆಸರಿನಿಂದ ಕರೆಯದೆ ಅಂಗಿಯ ಸಂಖ್ಯೆಯಿಂದ ಕರೆಯುವ ಅಭ್ಯಾಸದವನು. ಎದುರಾಳಿ ಚೆಂಡನ್ನು ದೂರ ಎಸೆಯುವ ಸಂದರ್ಭಗಳಲ್ಲಿ 'ಐವತ್ತ'ನ್ನು ಹೊರಕ್ಕೆ ಕರೆದು ಬೇರೆಯವರನ್ನು ಇಳಿಸುತ್ತಿದ್ದ. ಆ ಕೆಲಸ ನಿನ್ನಿಂದಾಗದು ಎಂದು ಅದರ ಅರ್ಥ. ಸಿಂಗಲ್‌ಟರಿ ಎದುರು ಮಾತಾಡಿ ಕಾಲ ಕಳೆಯಲಿಲ್ಲ. ಪಂದ್ಯಗಳ ಚಿತ್ರಸುರುಳಿಗಳನ್ನು ಮನೆಗೆ ಹೊತ್ತುಕೊಂಡು ಹೋಗಿ, ರಾತ್ರಿಯೆಲ್ಲ ಗೋಡೆಯ ಮೇಲೆ ಬಿಟ್ಟು ನೋಡಿದ. ಯಾವ ತಂಡ ಯಾವ ಸಾಲು ಕಟ್ಟಿದಾಗ ಏನು ಮಾಡುತ್ತದೆ ಎಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ. ಕೊನೆಗೆ ರಯನ್‌ನ ಪಡೆಗೆ ಮೈದಾನದಲ್ಲಿ ಕೂಗಿ ಅಪ್ಪಣೆ ಕೊಡುವವನೇ ಈತನಾದ. ಹೆಲ್ಮೆಟ್ಟಿನ ಸರಳುಗಳ ಹಿಂದೆ ಅರಳಿದ ಆ ಎರಡು ಕಣ್ಣುಗಳ ಚಿತ್ರವನ್ನು ಷಿಕಾಗೋದಲ್ಲಿ ನೋಡದವರಿಲ್ಲ. ಯಕ್ಷಗಾನದ ಬಣ್ಣದ ವೇಷ ತೆರೆ ಸರಿಸಿ ಇಣುಕಿದಾಗಿನ ಕಣ್ಣುಗಳು!

ಇಲ್ಲಿ ಮೇಷ್ಟ್ರಾದವನು ಹೇಳದೆ ಬಿಡಲಾಗದ ಒಂದು ಸಂಗತಿಯಿದೆ. 1981ರ ಋತು ಮುಗಿಯುತ್ತ ಬಂದಾಗ ಹಳೆಯ ತರಬೇತುದಾರರನ್ನೆಲ್ಲ ತೆಗೆಯುತ್ತಾರೆಂಬ ಸುದ್ದಿ ಹಬ್ಬಿತು. ಆಗ ರಕ್ಷಣಾ ಪಡೆಯ ಆಟಗಾರರು ಒಟ್ಟಾಗಿ, ರಯನ್‌ನನ್ನು ಉಳಿಸಿಕೊಳ್ಳಿ ಎಂದು ಹ್ಯಾಲಸ್‌ಗೆ ಪತ್ರ ಬರೆದರು. ಹ್ಯಾಲಸ್ ಆಗ ಎಂಬತ್ತಾರು ದಾಟಿದ ಮುದುಕ. ಪತ್ರಕ್ಕೆ ಓಗೊಟ್ಟು ರಯನ್‌ನನ್ನು ಉಳಿಸಿಕೊಂಡ. ಆಮೇಲೆ ಮುಖ್ಯ ತರಬೇತುದಾರನಾಗಿ ಮೈಕ್ ಡಿಟ್ಕಾನನ್ನು ಕರೆತಂದ. ತಮ್ಮನ್ನು ಬೈಯುವ ಮೇಷ್ಟ್ರು ವರ್ಗವಾಗಬಾರದೆಂದು ಹುಡುಗರೇ ಅರ್ಜಿ ಬರೆದ ಪ್ರಸಂಗ ನನ್ನ ಮೂವತ್ತು ಚಿಲ್ಲರೆ ವರ್ಷಗಳ ಸೇವೆಯಲ್ಲಿ ಒಂದೂ ಇಲ್ಲ.

ಫಲ 1985ರಲ್ಲಿ ಬಂತು. 16ರಲ್ಲಿ 15 ಗೆಲುವು. ಪ್ಲೇಆಫ್‌ನ ಎರಡು ಪಂದ್ಯಗಳಲ್ಲಿ ಎದುರಾಳಿಗಳಿಗೆ ಸೊನ್ನೆ. 1986ರ ಜನವರಿ 26ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ 46–10. ಆ ಇಡೀ ಪಂದ್ಯದಲ್ಲಿ ಪೇಟ್ರಿಯಟ್ಸ್ ಓಟದಿಂದ ಗಳಿಸಿದ್ದು ಏಳೇ ಗಜ! ಎದುರಾಳಿಗಳ ಕೈಜಾರಿದ ಚೆಂಡನ್ನು ಸಿಂಗಲ್‌ಟರಿ ಎರಡು ಬಾರಿ ವಶಪಡಿಸಿಕೊಂಡ. ಆ ವರ್ಷವೂ, ಮತ್ತೆ 1988ರಲ್ಲಿಯೂ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನೆಂಬ ಪ್ರಶಸ್ತಿ ಆತನಿಗೇ ಬಂತು. ಗಾಯಗಳಾದರೂ ಹನ್ನೆರಡು ಋತುಗಳಲ್ಲಿ ತಪ್ಪಿಸಿಕೊಂಡದ್ದು ಎರಡೇ ಪಂದ್ಯ.

ನಮ್ಮ ಮೊಮ್ಮಗನ ವಾದ ಇಲ್ಲಿಂದಲೇ ಹುಟ್ಟುವುದು. ಹೈಸ್ಕೂಲು ಸೇರಿರುವ ಅವನಿಗೆ ಅಂಕಿಗಳು ನಾಲಿಗೆಯ ತುದಿಯಲ್ಲಿವೆ. "ತಾತ, ಸಿಂಗಲ್‌ಟರಿ ಹತ್ತು ಸಲ ಪ್ರೋ ಬೌಲ್‌ಗೆ ಹೋಗಿದ್ದಾನೆ, ಬಟ್ಕಸ್ ಎಂಟೇ ಸಲ. ಇವನಿಗೆ ಉಂಗುರ ಇದೆ, ಅವನಿಗೆ ಏನಿದೆ?" ಎನ್ನುತ್ತಾನೆ. ಉಂಗುರವೆಂದರೆ ಸೂಪರ್ ಬೌಲ್ ಗೆದ್ದ ತಂಡದವರಿಗೆ ಕೊಡುವ ಉಂಗುರ. ನಾನೂ ಅಂಕಿಗಳಿಂದಲೇ ಉತ್ತರಿಸುತ್ತೇನೆ. ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಹಾರಿ ಹಿಡಿದದ್ದು ಸಿಂಗಲ್‌ಟರಿ 179 ಪಂದ್ಯಗಳಲ್ಲಿ 7 ಸಲ. ಬಟ್ಕಸ್ 119 ಪಂದ್ಯಗಳಲ್ಲಿ 22 ಸಲ. ಎಸೆಯುವವನನ್ನೇ ಹಿಡಿದು ಕೆಡವಿದ ಲೆಕ್ಕವನ್ನು ಲೀಗ್ ಅಧಿಕೃತವಾಗಿ ಇಡತೊಡಗಿದ್ದೇ 1982ರಿಂದ. ಬಟ್ಕಸ್ ಕೆಡವಿದ್ದು ಯಾವ ಖಾತೆಗೂ ಸೇರಿಲ್ಲ. ಆದರೆ ನಿಜವಾದ ಉತ್ತರ ಅಂಕಿಗಳಲ್ಲಿಲ್ಲ, ಯಾರ ಅಕ್ಕಪಕ್ಕ ಯಾರು ನಿಂತಿದ್ದರು ಎಂಬುದರಲ್ಲಿದೆ. ಸಿಂಗಲ್‌ಟರಿಯ ಮುಂದೆ ಡ್ಯಾನ್ ಹ್ಯಾಂಪ್ಟನ್, ಸ್ಟೀವ್ ಮೆಕ್‌ಮೈಕಲ್, ರಿಚರ್ಡ್ ಡೆಂಟ್ ಎಂಬ ಮೂವರು ಮಹಾಕಾಯರಿದ್ದರು. ಮೂವರೂ ಮುಂದೆ ಹಾಲ್ ಆಫ್ ಫೇಮ್ ಸೇರಿದವರೇ. ಪಕ್ಕದಲ್ಲಿ ಓಟಿಸ್ ವಿಲ್ಸನ್, ವಿಲ್ಬರ್ ಮಾರ್ಷಲ್. ರಯನ್‌ನ '46' ವ್ಯೂಹ ಎಂಟು ಜನರನ್ನು ಮುಂದಕ್ಕೆ ತಂದು ನಿಲ್ಲಿಸುತ್ತಿತ್ತು. ಇವರೆಲ್ಲರನ್ನೂ ತಡೆಯುವುದರಲ್ಲಿಯೇ ಎದುರಾಳಿಗಳ ಕೈ ಖಾಲಿಯಾಗುತ್ತಿದ್ದುದರಿಂದ ನಡುವಿನವನಿಗೆ ಓಡಲು ದಾರಿ ತೆರೆದಿರುತ್ತಿತ್ತು. ಆತ ಆಡಿದ ಹನ್ನೆರಡು ವರ್ಷಗಳಲ್ಲಿ ತಂಡ ಗೆದ್ದದ್ದು 112, ಸೋತದ್ದು 72. ಬಟ್ಕಸ್‌ನ ಮುಂದೆ, ಮೊದಲ ಒಂದೆರಡು ವರ್ಷಗಳನ್ನು ಬಿಟ್ಟರೆ, ಅಂಥ ಗೋಡೆ ಇರಲಿಲ್ಲ. ಅವನೊಬ್ಬನನ್ನು ತಡೆಯಲು ಇಬ್ಬರನ್ನು ಬಿಟ್ಟರೂ ಎದುರಾಳಿಗೆ ನಷ್ಟವಿರಲಿಲ್ಲ. ಹಾಗಿದ್ದೂ ಅವನು ಹೆಸರಾದ.

ಆದ್ದರಿಂದ ನನ್ನ ಮತ ಬಟ್ಕಸ್‌ಗೆ. ಇಬ್ಬರನ್ನೂ ಒಂದೇ ಬಯಲಿನಲ್ಲಿ, ಬೇರೆ ಯಾರೂ ಇಲ್ಲದೆ ನಿಲ್ಲಿಸಿದರೆ ಬಟ್ಕಸ್ ದೊಡ್ಡವನು. ಇದರಲ್ಲಿ ನನಗೆ ಸಂಶಯವಿಲ್ಲ. ಅಳಿಯಂದಿರೂ ಇದನ್ನು ಒಪ್ಪುತ್ತಾರೆ, ಮಗನ ಎದುರಿಗೆ ಮಾತ್ರ ಬಾಯಿ ಬಿಡುವುದಿಲ್ಲ.

ಆದರೆ ಈ ಮೊಮ್ಮಗ ಈಗ ಶಾಲೆಯ ತಂಡದಲ್ಲಿ ತಾನೂ ನಡುವಿನ ಲೈನ್‌ಬ್ಯಾಕರ್ ಆಗಬೇಕೆಂದು ಹೊರಟಿದ್ದಾನೆ. ನಮ್ಮ ವಂಶದ ಮೈಕಟ್ಟು ನಿಮಗೆ ಗೊತ್ತೇ ಇದೆ! ಅವನಿಗೆ ಹೇಳುವಾಗ ನಾನು ಸಿಂಗಲ್‌ಟರಿಯ ಪಕ್ಷ. ಬಟ್ಕಸ್‌ನ ಹೆಗಲನ್ನೂ ಸಿಟ್ಟನ್ನೂ ಯಾರಿಗೂ ಕಲಿಸಲಾಗದು; ರಾತ್ರಿ ಕುಳಿತು ಆಟವನ್ನು ಓದುವುದನ್ನು ಕಲಿಸಬಹುದು. ಅವನು ಒಂದು ನೋಟ್ ಪುಸ್ತಕ ಇಟ್ಟಿದ್ದಾನೆ, ಎದುರು ಶಾಲೆಯವರ ವಿಡಿಯೋ ನೋಡಿ ಬಾಣಗುರುತಿನ ಚಿತ್ರ ಬರೆಯುತ್ತಾನೆ. ಲೆಕ್ಕದ ಪುಸ್ತಕ ಇಷ್ಟು ಚೊಕ್ಕಟವಾಗಿಲ್ಲ ಎಂಬುದು ಬೇರೆ ಮಾತು. ಅವನ ತಾಯಿಗೆ ಇದೊಂದೂ ಬೇಡ. ಅವಳ ಭಯ ಸುಳ್ಳಲ್ಲ. 1985ರ ಅದೇ ವಿಜಯೀ ತಂಡದಲ್ಲಿ, ಸಿಂಗಲ್‌ಟರಿಯ ಹಿಂದೆ ನಿಂತು ಆಡುತ್ತಿದ್ದ ಡೇವ್ ಡುವರ್ಸನ್ 2011ರಲ್ಲಿ ಪ್ರಾಣ ತೆಗೆದುಕೊಂಡ. ತನ್ನ ಮೆದುಳನ್ನು ಪರೀಕ್ಷೆಗೆ ಕೊಡಬೇಕೆಂದು ಬರೆದಿಟ್ಟು ಹೋಗಿದ್ದ. ತಲೆಗೆ ಬಿದ್ದ ಪೆಟ್ಟುಗಳಿಂದ ಬರುವ ಮೆದುಳಿನ ಕಾಯಿಲೆ ಆತನಿಗಿತ್ತೆಂದು ಪರೀಕ್ಷೆಯಲ್ಲಿ ತಿಳಿದುಬಂತು. ಊಟದ ಮೇಜಿನಲ್ಲಿ ಮಗಳು ಈ ಹೆಸರನ್ನು ಎತ್ತಿದಾಗ ನನ್ನ ಬಳಿ ಉತ್ತರವಿರುವುದಿಲ್ಲ. ಹುಡುಗನ ನೋಟ್ ಪುಸ್ತಕವನ್ನು ನೋಡಿದಾಗಲೂ ಇರುವುದಿಲ್ಲ.

ಸಿಂಗಲ್‌ಟರಿ ಮುಂದೆ ತಾನೇ ತರಬೇತುದಾರನಾದ. 2008ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಹೊಣೆ ಹೊತ್ತ ಮೊದಲ ಪಂದ್ಯದಲ್ಲಿಯೇ, ಎದುರಾಳಿಯ ಮುಖಕ್ಕೆ ಕೈ ಮಾಡಿ ದಂಡ ತಂದ ವರ್ನನ್ ಡೇವಿಸ್ ಎಂಬ ಪ್ರತಿಭಾವಂತನನ್ನು, ಆಟ ಇನ್ನೂ ನಡೆಯುತ್ತಿರುವಾಗಲೇ, ಸ್ನಾನ ಮಾಡಿಕೋ ಹೋಗು ಎಂದು ಒಳಗೆ ಕಳುಹಿಸಿಬಿಟ್ಟ. ತರಗತಿಯಿಂದ ಹೊರಗೆ ನಿಲ್ಲಿಸಿದಂತೆಯೇ! ಮರುವರ್ಷ ಅದೇ ಡೇವಿಸ್ 13 ಟಚ್‌ಡೌನ್ ಗಳಿಸಿ, ಆ ಸ್ಥಾನದ ಆಟಗಾರರ ಅಂದಿನ ದಾಖಲೆಯನ್ನು ಸರಿಗಟ್ಟಿದ. ಅಂದಿನ ಪಾಠದ ಋಣವನ್ನು ಬಹಿರಂಗವಾಗಿಯೇ ನೆನೆದ. ಹಾಗೆಂದು ಸಿಂಗಲ್‌ಟರಿ ದೊಡ್ಡ ತರಬೇತುದಾರನೆನಿಸಲಿಲ್ಲ. 18 ಗೆದ್ದು 22 ಸೋತ ಮೇಲೆ 2010ರ ಡಿಸೆಂಬರಿನಲ್ಲಿ ಆತನನ್ನು ತೆಗೆದರು.

ಬಟ್ಕಸ್‌ನ 51ನೆಯ ಅಂಗಿಯನ್ನೂ ಸೇಯರ್ಸ್‌ನ 40ನೆಯ ಅಂಗಿಯನ್ನೂ ಇನ್ನು ಯಾರಿಗೂ ಕೊಡುವುದಿಲ್ಲವೆಂದು ಬೇರ್ಸ್ ಘೋಷಿಸಿದ್ದು 1994ರ ಅಕ್ಟೋಬರ್ 31ರಂದು, ಸುರಿವ ಮಳೆಯಲ್ಲಿ. ಆ ರಾತ್ರಿಯೂ ಬೇರ್ಸ್ ಗ್ರೀನ್ ಬೇ ತಂಡಕ್ಕೆ 33–6ರಿಂದ ಸೋತಿತು. 50ನೆಯ ಅಂಗಿಗೆ ಆ ಗೌರವ ಸಿಕ್ಕಿಲ್ಲ. ಈಗಾಗಲೇ ಬಹಳ ಸಂಖ್ಯೆಗಳು ಹೋಗಿವೆಯೆಂದು, 2013ರಲ್ಲಿ ಡಿಟ್ಕಾನ 89ರ ನಂತರ ಆ ಪದ್ಧತಿಯನ್ನೇ ನಿಲ್ಲಿಸಿದ್ದಾರೆ. ಮೊಮ್ಮಗನಿಗೆ ಇದು ಘೋರ ಅನ್ಯಾಯ.

2023ರ ಅಕ್ಟೋಬರ್ 5, ಗುರುವಾರ. ಬಟ್ಕಸ್ ಕ್ಯಾಲಿಫೋರ್ನಿಯಾದ ಮಾಲಿಬೂವಿನ ತನ್ನ ಮನೆಯಲ್ಲಿ ತೀರಿಕೊಂಡನೆಂಬ ಸುದ್ದಿ ಬಂತು. ಆತನಿಗೆ ಎಂಬತ್ತು ವರ್ಷವಾಗಿತ್ತು. ಅದೇ ರಾತ್ರಿ ಬೇರ್ಸ್‌ಗೆ ವಾಷಿಂಗ್ಟನ್ ತಂಡದೊಂದಿಗೆ ಪಂದ್ಯ. ಹಿಂದಿನ ವರ್ಷದಿಂದ ಸತತವಾಗಿ 14 ಪಂದ್ಯ ಸೋತಿದ್ದ ತಂಡ ಅದು. ಬಟ್ಕಸ್‌ಗೆ ಚೆನ್ನಾಗಿ ಪರಿಚಯವಿದ್ದ ಬೇರ್ಸ್. ಅಂದು 40–20ರಿಂದ ಗೆದ್ದರು. ಆಟ ಮುಗಿಯುವಾಗ ರಾತ್ರಿ ಹತ್ತು ದಾಟಿತ್ತು. ಮರುದಿನ ಶಾಲೆಯಿದ್ದರೂ ಹುಡುಗ ಕೊನೆಯವರೆಗೂ ಸೋಫಾ ಬಿಟ್ಟು ಏಳಲಿಲ್ಲ, ಅವನಮ್ಮನೂ ಏಳೆನ್ನಲಿಲ್ಲ.